ಮಲಗಿದವರ ಫೋಟೋ ನಾವು ಯಾಕೆ ಹಾಕಲಿಲ್ಲ

ನಮಸ್ಕಾರ. ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ಮಲಗಿದ್ದ ತಾಯಿ-ಮಗುವಿನ ನಿಮ್ಮ ಫೋಟೋವನ್ನು ನಾವು ಪತ್ರಿಕೆಯಲ್ಲಿ ಹಾಕಲಿಲ್ಲ ಎಂದು ಬೇಸರಪಟ್ಟಿದ್ದೀರಿ. "ರಸ್ತೆ ಎಲ್ಲರದ್ದು, ಅಲ್ಲಿ ಕ್ಯಾಮೆರಾ ಹಿಡಿಯಲು ಯಾರ ಅಪ್ಪಣೆ ಬೇಕು? ಬಡತನ ಮುಚ್ಚಿಟ್ಟರೆ ಹೋಗುತ್ತದೆಯೇ?" ಎಂದು ಕೇಳಿದ್ದೀರಿ. ಫೋಟೋ ಚೆನ್ನಾಗಿತ್ತು. ಬೆಳಕಂತೂ ತುಂಬಾ ಚೆನ್ನಾಗಿ ಬಂದಿತ್ತು.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಮಗುವಿನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಆರೈಕೆ, ರಕ್ಷಣೆ ಬೇಕಾದ ಮಕ್ಕಳ ಚಿತ್ರವನ್ನು ಪತ್ರಿಕೆಗಳು ಹಾಕುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಮನೆಯಿಲ್ಲದೆ, ಹೊಟ್ಟೆಪಾಡಿಗೆ ದಾರಿಯಿಲ್ಲದೆ ಇರುವ ಮಕ್ಕಳೂ ಅದರಲ್ಲಿ ಸೇರುತ್ತಾರೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಇದೆ. ಮೊದಲು ಸಿಕ್ಕಿಬೀಳುವುದು ನಾನೇ!

ಮಗು ಇಲ್ಲದಿದ್ದರೂ ಹಾಕುತ್ತಿರಲಿಲ್ಲ. ಆ ತಾಯಿ ನಿದ್ದೆಯಲ್ಲಿದ್ದರು. ಬೇಡ ಎನ್ನಲು ಅವರಿಗೆ ಅವಕಾಶವೇ ಸಿಗಲಿಲ್ಲ, ಅಲ್ವಾ? ನೀವು, ನಾನು ಬಾಗಿಲು ಹಾಕಿಕೊಂಡು ಮಲಗುತ್ತೇವೆ. ಅವರಿಗೆ ಬಾಗಿಲಿಲ್ಲ ಎನ್ನುವುದೇ ನಮಗೆ ಅನುಮತಿ ಆಗಬಾರದು.

ಫೋಟೋದಿಂದ ಒಳ್ಳೆಯದಾಗುತ್ತದೆ ಎನ್ನುತ್ತೀರಿ. ಆಗಬಹುದು. ಆದರೆ ಯಾರಿಗೆ? 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಹೊರಬಂದದ್ದು 1978ರಲ್ಲಿ. ಫೋಟೋ ಜಗತ್ಪ್ರಸಿದ್ಧವಾಗಿತ್ತು. ಅದನ್ನು ತೆಗೆಯದಿದ್ದರೇ ಚೆನ್ನಾಗಿತ್ತು, ತನಗೆ ಅದರಿಂದ ಒಂದು ಕಾಸೂ ಸಿಗಲಿಲ್ಲ ಎಂದರು ಆಕೆ.

ನಮ್ಮಲ್ಲಿ ಇನ್ನೊಂದು ತೊಂದರೆಯೂ ಇದೆ. ಭಿಕ್ಷೆ ಬೇಡುವವರನ್ನು ಹಿಡಿದೊಯ್ಯಲು ಅವಕಾಶ ಕೊಡುವ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಕರ್ನಾಟಕದಲ್ಲಿ ಇನ್ನೂ ಇದೆ. ಜಾಗದ ಹೆಸರು ಸಮೇತ ಫೋಟೋ ಅಚ್ಚಾದರೆ, ಮರುದಿನ ಅವರನ್ನು ಅಲ್ಲಿಂದ ಎಬ್ಬಿಸುವವರೂ ನಮ್ಮ ಓದುಗರೇ ಆಗಿರಬಹುದು.

ಹಾಗಂತ ಕ್ಯಾಮೆರಾ ಒಳಗಿಡಿ ಎನ್ನುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಡೆದುಕೊಂಡೇ ಊರಿಗೆ ಹೊರಟ ಕೂಲಿಗಳ ಫೋಟೋಗಳು ಬರದಿದ್ದರೆ ಎಷ್ಟೋ ಜನ ಆ ಸಂಕಟವನ್ನು ನಂಬುತ್ತಲೇ ಇರಲಿಲ್ಲ. ಅಲ್ಲಿ ಮುಖಕ್ಕಿಂತ ಜಾಸ್ತಿ ಕಂಡದ್ದು ಸರ್ಕಾರದ ವೈಫಲ್ಯ. ನಿಮ್ಮ ಫೋಟೋದಲ್ಲಿ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ.

ಹಗಲು ಹೊತ್ತು ಹೋಗಿ ಮಾತಾಡಿಸಿ. ತೆಗೆದದ್ದನ್ನು ತೋರಿಸಿ, ಎಲ್ಲಿ ಅಚ್ಚಾಗುತ್ತದೆ ಎಂದೂ ಹೇಳಿ. ಬೇಡ ಎಂದರೆ ಸುಮ್ನೆ ಬಂದುಬಿಡಿ. ಇನ್ನೊಂದು ಕೆಲಸವಿದೆ. ನಗರಗಳಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ಮನೆಯಿಲ್ಲದ ಕನಿಷ್ಠ 100 ಜನ ತಂಗುವಷ್ಟು ವಸತಿ ಇರಬೇಕೆಂದು ಕೇಂದ್ರದ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿ ಹೇಳಿತ್ತು. ಮಾರ್ಕೆಟ್ ಸುತ್ತಮುತ್ತ ಅಂಥದ್ದು ಎಲ್ಲಿದೆ, ರಾತ್ರಿ ಬಾಗಿಲು ತೆರೆದಿರುತ್ತದಾ, ಹೆಂಗಸರಿಗೆ, ಮಕ್ಕಳಿಗೆ ಜಾಗ ಇದೆಯಾ, ಫೋಟೋ ತೆಗೆದು ಕಳಿಸಿ. ಅದಕ್ಕೆ ಎರಡು ಪುಟ ಕೊಡುತ್ತೇನೆ.

– ಸಂ.