ಭಾನುವಾರ ಬರುತ್ತೇನೆ ಎಂದವನು

ಮುಂದಿನ ತಿಂಗಳು ಬ್ಯೂನಸ್ ಐರಿಸ್‌ಗೆ ಬರುವವಳು ನೀನು. ಬಾಡಿಗೆ, ಊಟ, ಚಳಿ ಎಲ್ಲವನ್ನೂ ಕೇಳಿ ಕೊನೆಗೆ ಹಿಂಜರಿಯುತ್ತ ಬರೆದಿದ್ದೀಯ: "ಟ್ಯಾಂಗೊ ಹಾಡುಗಳಲ್ಲಿ ಇರುವಷ್ಟು ಮೋಸಗಾರರೇ ಅಕ್ಕ, ಅಲ್ಲಿಯವರು?"

ಬಾಡಿಗೆಯ ಮಾತು ನೀನು ಬಂದ ಮೇಲೆ. ಚಳಿ ಜುಲೈಯಲ್ಲಿ. ಸಾರಿನ ಪುಡಿ ತಾ. ಎಷ್ಟೆಂದು ನಿನ್ನ ಅಮ್ಮನಿಗೆ ಗೊತ್ತು.

2006ರಲ್ಲಿ ಬಂದಾಗ ಇಲ್ಲಿನ ಆಲ್ಮಾಗ್ರೊ ಬಡಾವಣೆಯ ಒಂದು ಕೋಣೆಯಲ್ಲಿ ಕುಳಿತು ನಾನೂ ಹಳೆಯ ಟ್ಯಾಂಗೊ ಕೇಳಿಯೇ ಸ್ಪ್ಯಾನಿಷ್ ಕಲಿಯಹೊರಟೆ. ಆ ಹಾಡುಗಳ ತುಂಬ ಲುನ್‌ಫಾರ್ಡೊ, ಅಂದರೆ ಈ ಊರಿನ ಬೀದಿಮಾತು. ಪಾಠದ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ನನಗೆ ಮೊದಲು ಅಂಟಿದ ಪದ 'ಚಾಮುಶೊ': ಎದುರಿನವರನ್ನು ಕರಗಿಸುವ ಬಣ್ಣದ ಮಾತು. ಇಲ್ಲಿ 'ವೆರ್ಸೊ' ಎಂದರೆ ಪದ್ಯದ ಸಾಲೂ ಹೌದು, ಸುಳ್ಳೂ ಹೌದು. ಅಷ್ಟು ತಿಳಿದೂ ಮೋಸಹೋದೆ.

ಮಿಲೊಂಗಾ ಎಂದರೆ ಟ್ಯಾಂಗೊ ಕುಣಿಯುವ ಕೂಟ. ಅಲ್ಲಿ ನಾಲ್ಕು ಹಾಡುಗಳ ಒಂದು 'ತಾಂದಾ' ನನ್ನೊಡನೆ ಕುಣಿದವನು, "ಭಾನುವಾರ ನಿನ್ನ ಕೈಯಡುಗೆ ಉಣ್ಣಲು ಬರುತ್ತೇನೆ" ಎಂದ. ಬಿಸಿಬೇಳೆಬಾತ್ ಮಾಡಿದೆ, ಹಪ್ಪಳ ಕರಿದೆ. ಮೂರು ಗಂಟೆಯ ಹೊತ್ತಿಗೆ ತುಪ್ಪ ಹೆಪ್ಪುಗಟ್ಟಿತ್ತು. ಮರುವಾರ ಅದೇ ಕೂಟದಲ್ಲಿ ಕೆನ್ನೆಗೆ ಮುತ್ತಿಟ್ಟು ಮಾತನಾಡಿಸಿದ. ಮುಖದಲ್ಲಿ ಅಳುಕಿನ ಗೆರೆಯೂ ಇಲ್ಲ. ನಮ್ಮಲ್ಲಿ ಮಾತನಾಡುವುದು ಬೇರೆ, ಮಾತು ಕೊಡುವುದು ಬೇರೆ. ಅವನು ಬರೀ ಮಾತನಾಡಿದ್ದ. ಕೊಟ್ಟನೆಂದು ತಿಳಿದವಳು ನಾನು. ಬಾಯಲ್ಲಿ ಬೆಲ್ಲ ಇದ್ದವರ ಎದೆಯಲ್ಲಿ ಕತ್ತರಿ ಇರಲೇಬೇಕೆಂದಿಲ್ಲ, ಕೆಲವರಲ್ಲಿ ಬೆಲ್ಲವಷ್ಟೇ ಇರುತ್ತದೆ.

ಅವನಿಗಾಗಿ ಮರುಗಲಿಲ್ಲ. ಆ ಸಿಟ್ಟಿನಲ್ಲಿ ಆರು ವರ್ಷ ಕುಣಿತದ ಬೂಟನ್ನು ಮಂಚದ ಕೆಳಗೆ ತಳ್ಳಿದೆನಲ್ಲ, ಅದು ಇಂದಿಗೂ ಕೊರೆಯುತ್ತದೆ.

ಇನ್ನು ಹಾಡುಗಳ ವಿಷಯ. ಅಲ್ಲಿ ಕೈಕೊಡುವವಳು ಹೆಚ್ಚಾಗಿ ಹೆಣ್ಣು. 1917ರಲ್ಲಿ ಟ್ಯಾಂಗೊ ಗಾಯಕ ಕಾರ್ಲೊಸ್ ಗಾರ್ದೆಲ್ ಹಾಡಿದ 'ಮಿ ನೊಚೆ ತ್ರಿಸ್ತೆ'ಯಲ್ಲಿ ಬಿಟ್ಟುಹೋದವಳು ಮರಳಿಯಾಳೆಂದು ಗಂಡು ರಾತ್ರಿ ಬಾಗಿಲು ಹಾಕುವುದಿಲ್ಲ. 'ಮಾನೊ ಆ ಮಾನೊ' ಹಾಡಿನವನು ನಮ್ಮಿಬ್ಬರ ಲೆಕ್ಕ ಚುಕ್ತಾ ಎನ್ನುತ್ತಾನೆ. ಮುಪ್ಪಿನಲ್ಲಿ ಕಷ್ಟ ಬಂದರೆ ನನ್ನನ್ನು ನೆನೆ ಎಂದೂ ಸೇರಿಸುತ್ತಾನೆ. ಅದೂ ಚಾಮುಶೊ ಅಲ್ಲವೇ? ಬರೆದವರು ಬಹುಪಾಲು ಗಂಡಸರು. 1914ರ ಜನಗಣತಿಯ ಹೊತ್ತಿಗೆ ಈ ಊರಿನ ಸುಮಾರು ಅರ್ಧ ಜನ ಹೊರದೇಶದಲ್ಲಿ ಹುಟ್ಟಿದವರು, ಅವರಲ್ಲಿ ಗಂಡಸರೇ ಹೆಚ್ಚು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿದ ವಠಾರ ಬಿಟ್ಟು ಹಣವಂತನ ಕಾರು ಹತ್ತಿದವಳಿಗೆ ಹಾಡಿನಲ್ಲಿ ವಂಚಕಿ ಎಂಬ ಹೆಸರು. ಅವಳ ಕಡೆಯ ಲೆಕ್ಕ ಕೇಳಿದವರು ಕಡಿಮೆ.

ನೀನು ಕುಣಿ. ತಾಂದಾ ಮುಗಿದಾಗ 'ಗ್ರಾಸಿಯಾಸ್' ಎಂದು ನಿನ್ನ ಕುರ್ಚಿಗೆ ಬಾ. ನಡುವೆ ಆ ಪದ ಆಡಬೇಡ; ಸಾಕು, ಹೊರಡು ಎಂದಂತೆ.

ಬಿಸಿಬೇಳೆಬಾತಿನ ಪುಡಿಯೂ ಇರಲಿ. ನೀನು ಇಳಿದ ಮೊದಲ ಭಾನುವಾರ ಊಟಕ್ಕೆ ನಾನು ಬರುತ್ತೇನೆ. ಇದು ಕೊಟ್ಟ ಮಾತು.