ಗೈಗರ್ ಎಣಿಕೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯದಿದ್ದರೆ

ವಿಕಿರಣ ಸೂಸುವ ಸೀಸಿಯಂ-137 ಆಕರವನ್ನು ಗೈಗರ್ ಕೊಳವೆಯಿಂದ (ವಿಕಿರಣವನ್ನು ಎಣಿಸುವ ಸಾಧನ) ಎರಡು ಪಟ್ಟು ದೂರಕ್ಕೆ ಸರಿಸಿದರೂ ಎಣಿಕೆ ಕಾಲು ಭಾಗಕ್ಕೆ ಇಳಿಯುತ್ತಿಲ್ಲ, ಏಕೆ ಎಂದು ನಿಮ್ಮ ಪ್ರಯೋಗದ ಚಿತ್ರ ಹಾಕಿ ಕೇಳಿದ್ದೀರಿ. ಸುತ್ತಮುತ್ತ ಸದಾ ಇರುವ ಹಿನ್ನೆಲೆ ವಿಕಿರಣವನ್ನು ನೀವು ಕಳೆಯದಿರುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ದೂರವನ್ನು ಕೊಳವೆಯ ತುದಿಯಿಂದ ಅಳೆದಿರುವುದೂ ಅದಕ್ಕೆ ಸೇರಿಕೊಂಡಿರಬಹುದು.

ಮೊದಲು ಆಕರವನ್ನು ಸೀಸದ ಡಬ್ಬಿಗೆ ಹಾಕಿಸಿ ದೂರ ಇಡಿಸಿ, ಕೊಳವೆಯನ್ನು ಕದಲಿಸದೆ 10 ನಿಮಿಷ ಎಣಿಸಿ. ಕದಲಿಸಬಾರದು ಎನ್ನಲು ಕಾರಣವಿದೆ. ನೀವು ಹಾಕಿರುವ ಚಿತ್ರದಲ್ಲಿ ಮೈಸೂರಿನ ನಿಮ್ಮ ಪ್ರಯೋಗಾಲಯದ ಮೇಜಿಗೆ ಗ್ರಾನೈಟ್ ಚಪ್ಪಡಿ ಹಾಸಿರುವುದು ಕಾಣುತ್ತದೆ. ಚಾಮುಂಡಿ ಬೆಟ್ಟದ ಕಲ್ಲಿನಲ್ಲಿರುವಂತೆ ಅದರಲ್ಲಿಯೂ ವಿಕಿರಣ ಸೂಸುವ ಪೊಟ್ಯಾಸಿಯಂ-40, ಯುರೇನಿಯಂ ಮತ್ತು ಥೋರಿಯಂ ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಅದರಿಂದ ಅಪಾಯವೇನೂ ಇಲ್ಲ, ಆದರೆ ಜಾಗ ಬದಲಾದರೆ ಹಿನ್ನೆಲೆಯ ಎಣಿಕೆಯೂ ಬದಲಾಗಬಹುದು.

ಆ ಎಣಿಕೆಯ ನಿಮಿಷದ ಸರಾಸರಿಯನ್ನು ನಿಮ್ಮ ಪ್ರತಿಯೊಂದು ಅಳತೆಯಿಂದಲೂ ಕಳೆಯಿರಿ. ಉಳಿದದ್ದು N ಆದರೆ, ದೂರಕ್ಕೆ ಎದುರಾಗಿ 1/√N ನಕ್ಷೆ ಬರೆಯಿರಿ. ವಿಲೋಮ ವರ್ಗ ನಿಯಮದಂತೆ (ಎಣಿಕೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬ ನಿಯಮ) ಅದು ಸರಳರೇಖೆಯಾಗಬೇಕು. ರೇಖೆಯು ದೂರದ ಅಕ್ಷವನ್ನು ಸೊನ್ನೆಯಲ್ಲಿ ಮುಟ್ಟದೆ ಋಣಭಾಗದಲ್ಲಿ ಮುಟ್ಟಿದರೆ, ಎಣಿಕೆ ನಿಜವಾಗಿ ನಡೆಯುವ ಬಿಂದು ಕೊಳವೆಯ ತುದಿಯಿಂದ ಅಷ್ಟು ಒಳಗಿದೆ ಎಂದರ್ಥ. ಆ ಅಂತರವನ್ನು ಎಲ್ಲ ದೂರಗಳಿಗೂ ಕೂಡಿಸಿಕೊಳ್ಳಿ.

ದೂರದ ಬಿಂದುಗಳಿಗೆ ಹೆಚ್ಚು ಹೊತ್ತು ಎಣಿಸಬೇಕು. ಒಟ್ಟು 100 ಎಣಿಕೆಯಲ್ಲಿ ಅನಿಶ್ಚಿತತೆ ಶೇ. 10ರಷ್ಟಿದ್ದರೆ, 10,000ದಲ್ಲಿ ಅದು ಶೇ. 1 ಮಾತ್ರ. ಇಷ್ಟಾದ ಮೇಲೂ ಹತ್ತಿರದ ಬಿಂದುಗಳು ಮಾತ್ರ ರೇಖೆಯಿಂದ ಮೇಲಕ್ಕೆ ಸರಿದಿದ್ದರೆ, ಒಂದು ಕಣ ದಾಖಲಾದ ನಂತರ ಸುಮಾರು 100 ಮೈಕ್ರೋಸೆಕೆಂಡು ಕೊಳವೆ ಕುರುಡಾಗಿರುವುದೇ ಬಹುಶಃ ಕಾರಣ. ಆ ಬಿಂದುಗಳನ್ನು ಬಿಟ್ಟು ರೇಖೆ ಎಳೆಯಿರಿ.