ಸಮೋಸವೂ ಆನ್‌ಟ್ರೇ, ಪಾಲಕ್ ಪನೀರೂ ಆನ್‌ಟ್ರೇ

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಮೆಲ್ಬರ್ನ್‌ನಲ್ಲಿ ಮಗ ಕರೆದೊಯ್ದ ಭಾರತೀಯ ಹೋಟೆಲಿನ ಮೆನುವಿನಲ್ಲಿ ‘ಆನ್‌ಟ್ರೇ’ ಅಂದರೆ ಸಮೋಸ, ಪಕೋಡ. ನ್ಯೂಜೆರ್ಸಿಯಲ್ಲಿ ಮಗಳ ಜೊತೆ ಹೋದಾಗ ಅದೇ ಹೆಸರಿನ ಕೆಳಗೆ ಪಾಲಕ್ ಪನೀರ್, ಚನಾ ಮಸಾಲ. ಇದು ಫ್ರೆಂಚ್ ಪದವಂತೆ. ಅಮೆರಿಕದವರು ತಪ್ಪು ತಿಳಿದುಕೊಂಡಿದ್ದಾರೆಯೇ?”

ಸಂ: ಇಂದಿನ ಫ್ರೆಂಚರನ್ನು ಕೇಳಿದರೆ ಮೆಲ್ಬರ್ನ್ ಸರಿ ಎಂದೇ ಹೇಳುತ್ತಾರೆ. ಆನ್‌ಟ್ರೇ ಎಂದರೆ ಪ್ರವೇಶ. ಫ್ರಾನ್ಸಿನಲ್ಲಿ ಈಗ ಊಟ ಶುರುವಾಗುವುದು ಅದರಿಂದಲೇ. ಆದರೂ ಅಮೆರಿಕದವರದು ತಪ್ಪು ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ನಮ್ಮ ಮದುವೆಮನೆಯಲ್ಲಿ ಸಾರು, ಹುಳಿ, ಭಕ್ಷ್ಯ, ಮಜ್ಜಿಗೆ ಎಂದು ಬಡಿಸುವ ಕ್ರಮವಿದೆಯಲ್ಲ, 19ನೇ ಶತಮಾನದ ಯುರೋಪಿನ ಶ್ರೀಮಂತರ ಔತಣಕ್ಕೂ ಅಂಥದೇ ಕಟ್ಟುನಿಟ್ಟಿತ್ತು. ಮೊದಲು ಸೂಪು, ಆಮೇಲೆ ಮೀನು, ಅದಾದ ಮೇಲೆ ಆನ್‌ಟ್ರೇ: ಸಾಸ್ ಜೊತೆ ಬರುವ ಬಿಸಿಬಿಸಿ ಮಾಂಸದ ಖಾದ್ಯ. ಬೆಂಕಿಯ ಶಾಖದಲ್ಲಿ ಸುಟ್ಟ ಮಾಂಸದ ದೊಡ್ಡ ರೋಸ್ಟ್ ಬರುವುದು ಅದಕ್ಕೂ ನಂತರ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಮೊದಲ ದರ್ಜೆಯವರು ಉಂಡ ಊಟದ ಮೆನು ಉಳಿದುಕೊಂಡಿದೆ, ನೋಡಿ. ಸೂಪು, ಸಾಲ್ಮನ್ ಮೀನು ಮುಗಿದ ಮೇಲೆ ಫಿಲೆ ಮಿನ್ಯೋನ್ (ದನದ ಮೆತ್ತನೆಯ ಮಾಂಸದ ತುಂಡು), ಫ್ರಾನ್ಸಿನ ಲಿಯೋನ್ ಶೈಲಿಯ ಕೋಳಿ. ಅವು ಆನ್‌ಟ್ರೇಯ ಜಾಗದಲ್ಲಿರುವ ಖಾದ್ಯಗಳು. ಅವುಗಳ ಬೆನ್ನಿಗೇ ಕುರಿಮರಿ, ಬಾತುಕೋಳಿ, ದನದ ಮಾಂಸ. ಅಷ್ಟಾದರೂ ಮುಗಿಯಲಿಲ್ಲ, ಪಾರಿವಾಳದ ರೋಸ್ಟ್ ಇನ್ನೂ ಬಾಕಿ!

ಇಷ್ಟುದ್ದದ ಊಟ ಬರಬರುತ್ತಾ ಮೊಟಕಾಯಿತು. ಫ್ರಾನ್ಸಿನಲ್ಲಿ ಆನ್‌ಟ್ರೇ ಹಗುರವಾಗುತ್ತ ಮುಂದಕ್ಕೆ ಸರಿದು ಮೊದಲ ತಟ್ಟೆಯಾಯಿತು. ಅಮೆರಿಕದಲ್ಲಿ ಕೊನೆಯ ರೋಸ್ಟ್ ಬಿಟ್ಟುಹೋಗಿ, ಅದರ ಹಿಂದಿನ ಗಟ್ಟಿ ಖಾದ್ಯವೇ ಊಟದ ಮುಖ್ಯ ಭಾಗವಾಗಿ ನಿಂತಿತು, ಹೆಸರೂ ಅದಕ್ಕೇ ಉಳಿಯಿತು. ಹಾಗೆ ನೋಡಿದರೆ, ಹೊಟ್ಟೆ ತುಂಬಿಸುವ ಬಿಸಿ ಖಾದ್ಯ ಎಂಬ ಹಳೆಯ ಅರ್ಥವನ್ನು ಕಾಪಾಡಿಕೊಂಡವರು ಅಮೆರಿಕದವರೇ. ಅವರನ್ನು ನೋಡಿ ನಗುವವರಿಗೆ ಈ ಚರಿತ್ರೆ ಗೊತ್ತಿರಬೇಕು ಎಂಬುದು ನಮ್ಮ ಆಸೆ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಊಟಕ್ಕೆ ಸಂಬಂಧಪಡದ ಇನ್ನೊಂದು ಬಳಕೆಯೂ ಇದೆ: ದೊಡ್ಡವರ ವಲಯದೊಳಕ್ಕೆ ಸಿಗುವ ಪ್ರವೇಶ. ಉಚ್ಚಾರ ಮಾತ್ರ ಎಲ್ಲ ಕಡೆಯೂ ಆನ್‌ಟ್ರೇ, ‘ಎಂಟ್ರೀ’ ಅಲ್ಲ.

ಮುಂದಿನ ಸಲ ಕೆನಡಾಕ್ಕೆ ಹೋದರೆ ಸ್ವಲ್ಪ ಎಚ್ಚರ. ಟೊರಾಂಟೊದಲ್ಲಿ ಅಮೆರಿಕದ ಅರ್ಥವೇ ನಡೆಯುತ್ತದೆ. ಮಾಂಟ್ರಿಯಲ್‌ನ ಫ್ರೆಂಚ್ ಮೆನುವಿನಲ್ಲಿ ಅದು ಮೊದಲ ತಟ್ಟೆ. ಅನುಮಾನ ಬಂದರೆ ಪಕ್ಕದಲ್ಲಿರುವ ಬೆಲೆ ನೋಡಿ, ಯಾವುದೆಂದು ತಿಳಿಯುತ್ತದೆ.